ಕೊಟ್ಟ ದೇಶ ಮನಸ್ಸು ಬದಲಿಸಿದರೆ ಹಡಗು ಎಷ್ಟು ದಿನ ಓಡುತ್ತದೆ? ಕಾರವಾರದಿಂದ ರಕ್ಷಣಾ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ,

ಕಾರವಾರದಿಂದ ನಮಸ್ಕಾರ. ನಾನು ಬೈತಖೋಲ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ಎಂಜಿನ್ ರಿಪೇರಿ ಮಾಡುವವನು. ರಕ್ಷಣಾ ತಜ್ಞನಲ್ಲ. ಆದರೆ ನೌಕಾನೆಲೆಯ ಪಕ್ಕದಲ್ಲೇ ಬದುಕುವವರಿಗೆ ನಿಮ್ಮ ಖಾತೆಯ ಸುದ್ದಿ ದಿಲ್ಲಿಯ ಸುದ್ದಿಯಲ್ಲ. ಯಾವುದೋ ದೇಶದ ಜೊತೆ ಒಪ್ಪಂದ ಆಯಿತು ಅಂತ ಪೇಪರಿನಲ್ಲಿ ಓದುತ್ತೇವೆ. ಕೆಲವು ವರ್ಷ ಕಳೆದ ಮೇಲೆ ಆ ಹಡಗು ಇಲ್ಲಿಗೇ ಬಂದು ನಿಲ್ಲುತ್ತದೆ. ಕೆಲವು ಸಲ ಬಹಳ ವರ್ಷ ಕಳೆದ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಹೊರದೇಶದಿಂದ ಹಡಗು, ವಿಮಾನ, ಎಂಜಿನ್ ಕೊಂಡಾಗ ಸರ್ಕಾರ ಬೆಲೆ ಹೇಳುತ್ತದೆ. ಎಷ್ಟು ಬರುತ್ತವೆ, ಯಾವಾಗ ಬರುತ್ತವೆ ಅಂತ ಹೇಳುತ್ತದೆ. ನಾವೇ ಕಟ್ಟಿದ್ದಾದರೆ ಶೇಕಡಾ ಎಷ್ಟು ಸ್ವದೇಶಿ ಎಂದೂ ಹೇಳುತ್ತದೆ. ಕೊಟ್ಟ ದೇಶ ನಾಳೆ ಮನಸ್ಸು ಬದಲಿಸಿದರೆ ಅದು ಎಷ್ಟು ದಿನ ಓಡುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಆ ಲೆಕ್ಕವನ್ನೂ ಹಾಕಿ, ಪ್ರತಿ ವರ್ಷ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಮುಂದೆ ಇಡಿ. ಕೋರಿಕೆ ಇಷ್ಟೇ. ಯಾಕೆ ಕೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕೇಳಲು ನೀನ್ಯಾರು ಎನ್ನುವವರೂ ಇರುತ್ತಾರೆ. 1986ರ ಅಕ್ಟೋಬರ್ 24ರಂದು ಆಗಿನ ಪ್ರಧಾನಿ ರಾಜೀವ್ ಗಾಂಧಿ ಇಲ್ಲಿ ಸೀಬರ್ಡ್ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದರು. ಕಾರವಾರ, ಅಂಕೋಲಾ ತಾಲೂಕುಗಳ 13 ಹಳ್ಳಿಗಳ ಜಾಗ ಹೋಯಿತು. ನಾಲ್ಕು ಸಾವಿರಕ್ಕೂ ಜಾಸ್ತಿ ಕುಟುಂಬಗಳು ಮನೆ, ಗದ್ದೆ, ದೋಣಿ ಇಡುವ ದಂಡೆ ಎಲ್ಲ ಬಿಟ್ಟು ಎದ್ದು ಹೋದವು. ಪರಿಹಾರದ ಕೇಸುಗಳು ಕೋರ್ಟುಗಳಲ್ಲಿ ದಶಕಗಟ್ಟಲೆ ನಡೆದವು. 2005ರ ಮೇ 31ಕ್ಕೆ ಐಎನ್‌ಎಸ್ ಕದಂಬ ನೌಕಾನೆಲೆ ಶುರುವಾಯಿತು. ಇಷ್ಟು ಕೊಟ್ಟ ಊರಿನವರು, ಆ ಜಾಗದಲ್ಲಿ ನಿಂತ ಹಡಗಿಗೆ ಸ್ಪೇರ್ ಎಲ್ಲಿಂದ ಬರುತ್ತದೆ ಅಂತ ಕೇಳಬಹುದು ಅಲ್ವಾ?

ಇಲ್ಲಿಯ ಅಂಜದೀವ ದ್ವೀಪದಿಂದ ಶುರು ಮಾಡುತ್ತೇನೆ. ಈಗ ಅದು ನೌಕಾನೆಲೆಯ ಒಳಗೇ ಸೇರಿಹೋಗಿದೆ, ಬ್ರೇಕ್‌ವಾಟರ್ ಕಟ್ಟಿ ದಡಕ್ಕೆ ಜೋಡಿಸಿದ್ದಾರೆ. 1961ರಲ್ಲಿ ಆ ದ್ವೀಪ ಪೋರ್ಚುಗೀಸರ ಕೈಯಲ್ಲಿತ್ತು. ಆ ನವೆಂಬರಿನಲ್ಲಿ ಅಲ್ಲಿಂದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಮೀನುಗಾರರ ಮೇಲೂ ಹಾರಿತು, ಒಬ್ಬರು ಸತ್ತರು. ಡಿಸೆಂಬರ್ 18ರಂದು ನಮ್ಮ ನೌಕಾಪಡೆ ದ್ವೀಪಕ್ಕೆ ಇಳಿಯಿತು. ಏಳು ನಾವಿಕರು ಅಲ್ಲಿ ಪ್ರಾಣ ಕೊಟ್ಟರು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕಥೆ.

ಎದುರಿನವರ ಕಥೆ ಅಷ್ಟಾಗಿ ಗೊತ್ತಿಲ್ಲ. ಪೋರ್ಚುಗಲ್ ಎರಡು ಸ್ನೇಹಗಳನ್ನು ನಂಬಿಕೊಂಡು ಕೂತಿತ್ತು. ಒಂದು ನೇಟೊ, ಪಶ್ಚಿಮದ ದೇಶಗಳ ಸೇನಾ ಕೂಟ. ಪೋರ್ಚುಗಲ್ ಅದರ ಸ್ಥಾಪಕ ಸದಸ್ಯ ದೇಶ. ಇನ್ನೊಂದು ಇಂಗ್ಲೆಂಡು. 1373ರಲ್ಲಿ ಮಾಡಿಕೊಂಡ ಒಪ್ಪಂದ, ಸುಮಾರು ಆರು ನೂರು ವರ್ಷದ ನಂಟು. ಗೋವಾ ಪ್ರಶ್ನೆ ಬಂದಾಗ ನೇಟೊ ಒಪ್ಪಂದದ ಗಡಿಯೊಳಗೆ ಗೋವಾ ಇರಲಿಲ್ಲ. ಬ್ರಿಟನ್ನಿಗೆ ಆ ಹೊತ್ತಿಗೆ ಭಾರತ ಕಾಮನ್‌ವೆಲ್ತಿನ ದೊಡ್ಡ ಸದಸ್ಯ. ಬೇಸರದ ಮಾತು ಆಡಿತು, ಬಂದೂಕು ಎತ್ತಲಿಲ್ಲ. ವಿಶ್ವಸಂಸ್ಥೆಯಲ್ಲಿ ಪಶ್ಚಿಮದ ದೇಶಗಳು ತಂದ ನಿರ್ಣಯಕ್ಕೆ ಸೋವಿಯತ್ ಒಕ್ಕೂಟ ವೀಟೊ ಹಾಕಿತು. ಸುಮಾರು 36 ಗಂಟೆಯಲ್ಲಿ ಎಲ್ಲ ಮುಗಿಯಿತು. ಬ್ರಿಟನ್ ಮೋಸ ಮಾಡಿತು ಅಂತ ನಾನು ಹೇಳುವುದಿಲ್ಲ. ಒಪ್ಪಂದದ ಕಾಗದ ಹಾಗೇ ಇತ್ತು, ಬ್ರಿಟನ್ನಿನ ಹಿತ ಬೇರೆ ಕಡೆ ಹೋಗಿತ್ತು. ನಮಗೆ ಅದರಿಂದ ಲಾಭವಾಯಿತು, ನಾವು ಖುಷಿಪಟ್ಟೆವು. ಆದರೆ ಪೋರ್ಚುಗಲ್ ಕೂತಿದ್ದ ಜಾಗದಲ್ಲಿ ನಾವೂ ಒಂದು ದಿನ ಕೂರಬಹುದು ಎಂಬ ಯೋಚನೆ ನಮಗೆ ಬರಲಿಲ್ಲ.

ಯಾಕೆಂದರೆ ನಮ್ಮ ಪಾಲಿಗೆ ಸೋವಿಯತ್ ಸ್ನೇಹ ಗಟ್ಟಿಯಾಗಿತ್ತು. ನಿಜಕ್ಕೂ ಗಟ್ಟಿಯಾಗಿತ್ತು, ಅದನ್ನು ಹಗುರ ಮಾಡಿ ಮಾತಾಡುವುದು ತಪ್ಪು. ನಮ್ಮ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ನಿಂತಿದೆ, ಸೋವಿಯತ್ ಕಟ್ಟಿದ ಕ್ಷಿಪಣಿ ದೋಣಿ. ಇದೇ ದೋಣಿ ಕರಾಚಿಗೆ ಹೋಗಿ ಹೊಡೆದು ಬಂತು ಅಂತ ನಮ್ಮವರು ಪ್ರವಾಸಿಗರಿಗೆ ಕಥೆ ಹೇಳುತ್ತಾರೆ. ಅದು ಸರಿಯಲ್ಲ. ಚಪಲ್ ಸೇವೆಗೆ ಬಂದದ್ದು 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದವು ಇದರ ಅಣ್ಣಂದಿರು, ಇದೇ ಜಾತಿಯ ಹಳೆಯ ದೋಣಿಗಳು. ಅವನ್ನು ಕೊಟ್ಟವರು ಸೋವಿಯತ್ತರೇ. ಅದೇ ವರ್ಷ ಆಗಸ್ಟ್ 9ರಂದು ಆದ ಒಪ್ಪಂದ ನಮ್ಮ ಬೆನ್ನಿಗಿತ್ತು. ಅಮೆರಿಕದ ಎಂಟರ್‌ಪ್ರೈಸ್ ವಿಮಾನವಾಹಕ ಬಂಗಾಳ ಕೊಲ್ಲಿಗೆ ಬಂದಾಗ ಆ ಬೆನ್ನಿನ ಬೆಲೆ ಗೊತ್ತಾಯಿತು. ಚಪಲ್ ಪಕ್ಕದಲ್ಲೇ ಈಗ ಟಿಯು-142 ವಿಮಾನವನ್ನೂ ತಂದು ನಿಲ್ಲಿಸಿದ್ದೀರಿ. ಅದೂ ಸೋವಿಯತ್ತಿನದೇ. 2017ರವರೆಗೆ ನಮ್ಮ ಸಮುದ್ರ ಕಾದಿತು.

ಆದರೆ 1991ರ ಡಿಸೆಂಬರಿನಲ್ಲಿ ಆ ದೇಶವೇ ಇಲ್ಲವಾಯಿತು. ಜಗಳವಾಗಿ ದೂರ ಹೋಗಲಿಲ್ಲ. ಸುಮ್ನೆ ಇಲ್ಲವಾಯಿತು. ಹಡಗಿನ ಒಡಲು ಮಾಡುವ ಕಾರ್ಖಾನೆ ಒಂದು ದೇಶಕ್ಕೆ ಹೋಯಿತು, ಎಂಜಿನ್ ಮಾಡುವ ಕಾರ್ಖಾನೆ ಇನ್ನೊಂದಕ್ಕೆ. ಎರಡು ವರ್ಷದೊಳಗೆ ಇಸ್ರೊಗೆ ಬಿಸಿ ತಟ್ಟಿತು. ರಾಕೆಟ್ಟಿಗೆ ಬೇಕಾದ ಕ್ರಯೋಜೆನಿಕ್ (ತೀರಾ ತಣ್ಣಗಿನ ದ್ರವ ಇಂಧನದ) ಎಂಜಿನ್ನಿನ ತಂತ್ರಜ್ಞಾನ ಕೊಡುತ್ತೇವೆ ಎಂದಿದ್ದ ರಷ್ಯಾ, 1993ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು, ತಂತ್ರಜ್ಞಾನ ಇಲ್ಲ, ಬೇಕಿದ್ದರೆ ತಯಾರಾದ ಎಂಜಿನ್ ತಗೊಳ್ಳಿ ಎಂದಿತು. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಇಟ್ಟ ರಾಕೆಟ್ ಸರಿಯಾಗಿ ಹಾರಿದ್ದು 2014ರ ಜನವರಿ 5ಕ್ಕೆ. ನಡುವೆ ಇಪ್ಪತ್ತು ವರ್ಷ.

ಈಗ ವಿಕ್ರಮಾದಿತ್ಯ ಎಂಬ ವಿಮಾನವಾಹಕ ಹಡಗಿಗೆ ಬರುತ್ತೇನೆ. ಕಾರವಾರದವರಿಗೆ ಈ ಹಡಗಿನ ಮೇಲೆ ಅಭಿಮಾನ ಇದೆ. 2014ರ ಜನವರಿ 7ರಂದು ಅದು ಇಲ್ಲಿಗೆ ಬಂದಾಗ ಊರಿಗೆ ಊರೇ ಅದರ ಮಾತಾಡಿತು. ಆ ಹಡಗಿನ ಜಾತಕ ನೋಡಿ. ಕಟ್ಟಿದ್ದು ಮಿಕೊಲಾಯಿವ್ ಎಂಬ ಊರಿನಲ್ಲಿ. ಆ ಊರು ಈಗ ಉಕ್ರೇನಿನಲ್ಲಿದೆ. ಮೊದಲು ಇಟ್ಟ ಹೆಸರು ಬಾಕು. ಅದು ಈಗ ಅಜರ್‌ಬೈಜಾನಿನ ರಾಜಧಾನಿ. ಒಕ್ಕೂಟ ಒಡೆದ ಕಾಲದಲ್ಲಿ ಹೆಸರು ಬದಲಿಸಿ ಅಡ್ಮಿರಲ್ ಗೋರ್ಶ್‌ಕೋವ್ ಅಂತ ಮಾಡಿದರು. ರಿಪೇರಿ ಆದದ್ದು ರಷ್ಯಾದ ಸೆವೆರೊದ್ವಿನ್‌ಸ್ಕ್‌ನಲ್ಲಿ.

2004ರ ಜನವರಿಯಲ್ಲಿ ಒಪ್ಪಂದವಾದಾಗ ಹಡಗಿನ ಒಡಲಿಗೆ ಬೆಲೆ ಇಲ್ಲ, ರಿಪೇರಿ ಮತ್ತು ಮಾರ್ಪಾಡಿನ ಖರ್ಚು ಮಾತ್ರ ಅಂತ ಮಾತಾಗಿತ್ತು. ಆ ಖರ್ಚು 97 ಕೋಟಿ 40 ಲಕ್ಷ ಡಾಲರ್. 2008ಕ್ಕೆ ಕೊಡಬೇಕಿತ್ತು. ಕೆಲಸ ಶುರುವಾದ ಮೇಲೆ ಅವರು ಹೆಚ್ಚು ಹಣ ಕೇಳಿದರು. ಹಳೆಯ ಹಡಗು ಬಿಚ್ಚಿದರೆ ಒಳಗಿನ ತುಕ್ಕು ಹೊರಬೀಳುತ್ತದೆ, ಬಿಲ್ಲು ಏರುತ್ತದೆ. ಇದು ನನ್ನ ಕಸುಬಿನವರಿಗೆ ಹೊಸ ವಿಷಯವಲ್ಲ. ಆದರೆ ಇಷ್ಟು ಏರಿದ್ದು ಕೇಳಿರಲಿಲ್ಲ. 2010ರಲ್ಲಿ 235 ಕೋಟಿ ಡಾಲರಿಗೆ ಹೊಸ ಒಪ್ಪಂದವಾಯಿತು. ಎರಡು ಪಟ್ಟಿಗಿಂತ ಜಾಸ್ತಿ. ಬೇಡ ಅಂತ ಎದ್ದು ಬರಬಹುದಿತ್ತಾ? ಆಗಲೇ ಹಣ ಕೊಟ್ಟಾಗಿತ್ತು. ಅದಕ್ಕೆಂದೇ 16 ಮಿಗ್-29ಕೆ ವಿಮಾನಕ್ಕೆ ಆರ್ಡರ್ ಆಗಿತ್ತು. ನಮ್ಮ ಹಳೆಯ ವಿಮಾನವಾಹಕ ವಿರಾಟ್‌ಗೆ ವಯಸ್ಸಾಗಿತ್ತು. ಅಂಥ ಹಡಗು ಮಾರುವವರು ಬೇರೆ ಯಾರೂ ಇರಲಿಲ್ಲ. ನಮ್ಮ ಕೈಯಲ್ಲಿ ಬೇರೆ ದಾರಿ ಇಲ್ಲ ಎಂದು ಎದುರಿನವರಿಗೆ ಗೊತ್ತಿದ್ದಾಗ ಚೌಕಾಶಿ ಅಂತ ಒಂದು ಉಳಿಯುವುದಿಲ್ಲ.

2012ರಲ್ಲಿ ಪರೀಕ್ಷೆಗೆ ಸಮುದ್ರಕ್ಕೆ ಇಳಿಸಿದಾಗ ಎಂಟು ಬಾಯ್ಲರುಗಳಲ್ಲಿ ಏಳು ಕೈಕೊಟ್ಟವು. ಒಳಗಿನ ಶಾಖ ತಡೆಯುವ ಇಟ್ಟಿಗೆ ತಡೆಯಲಿಲ್ಲ. ಮತ್ತೆ ಒಂದು ವರ್ಷ. ಅಂತೂ 2013ರ ನವೆಂಬರ್ 16ರಂದು ಹಡಗು ನಮ್ಮ ಕೈಗೆ ಬಂತು. ವಿಮಾನಗಳ ಕಥೆ ಮುಗಿಯಲಿಲ್ಲ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2016ರ ವರದಿ ನೋಡಿ, ಯಾರು ಬೇಕಾದರೂ ಓದಬಹುದಾದ ಕಾಗದ ಅದು. ಹಾರಲು ಸಿದ್ಧವಿದ್ದ ಮಿಗ್-29ಕೆ ಪ್ರಮಾಣ ಶೇ 15.93ರಿಂದ ಶೇ 37.63. ಅಂದರೆ ಹತ್ತು ವಿಮಾನ ಇಟ್ಟುಕೊಂಡಿದ್ದರೆ ಒಳ್ಳೆಯ ದಿನದಲ್ಲೂ ಪೂರ್ತಿ ನಾಲ್ಕು ಕೂಡ ಹಾರುವುದಿಲ್ಲ. ಬಂದ 65 ಎಂಜಿನ್‌ಗಳಲ್ಲಿ 40ನ್ನು ದೋಷದಿಂದಾಗಿ ಹಿಂದೆ ತೆಗೆಯಬೇಕಾಯಿತು. ಎಂಜಿನ್ ರಿಪೇರಿ ಮಾಡಿಯೇ ಅನ್ನ ತಿನ್ನುವವನು ನಾನು. ಆ ಸಾಲು ಓದಿ ಎರಡು ಸಲ ಕನ್ನಡಕ ಒರೆಸಿಕೊಂಡೆ.

ರಷ್ಯಾವನ್ನು ಬೈಯಲು ಇದನ್ನೆಲ್ಲ ಬರೆಯುತ್ತಿಲ್ಲ. ಅವರು ಮಾರುವವರು, ನಾವು ಕೊಳ್ಳುವವರು. ಅವರ ಕಷ್ಟ ಅವರಿಗೆ ಇತ್ತು. ನಮಗೆ ಪರಮಾಣು ಸಬ್‌ಮರೀನನ್ನು ಬಾಡಿಗೆಗೆ ಕೊಟ್ಟ ದೇಶ ಬೇರೆ ಯಾವುದಿದೆ? ಬ್ರಹ್ಮೋಸ್ ಕ್ಷಿಪಣಿಯನ್ನು ನಮ್ಮ ಜೊತೆ ಕೂತು ಮಾಡಿದ್ದೂ ಅವರೇ. ನನ್ನ ಪ್ರಶ್ನೆ ನಮ್ಮ ಲೆಕ್ಕದ್ದು. 1971ರ ಗೆಳೆಯ ಬೇರೆ, 2004ರ ಅಂಗಡಿಯವ ಬೇರೆ. ನಾವು ಎರಡನೆಯವರ ಹತ್ತಿರ ಹೋದದ್ದು ಮೊದಲನೆಯವರ ನೆನಪಿನಲ್ಲಿ.

ಅದಾದ ಮೇಲಿನ ಕಥೆ ಇನ್ನೂ ವಿಚಿತ್ರ. 2025ರ ಫೆಬ್ರುವರಿಯಲ್ಲಿ ಐಎನ್‌ಎಸ್ ತುಶಿಲ್ ಎಂಬ ಯುದ್ಧನೌಕೆ ಕಾರವಾರಕ್ಕೆ ಬಂತು. ಒಡಲು ಕಟ್ಟಿದ್ದು ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ. ಒಳಗಿನ ಎಂಜಿನ್, ಅಂದರೆ ಗ್ಯಾಸ್ ಟರ್ಬೈನ್, ಉಕ್ರೇನಿನ ಮಿಕೊಲಾಯಿವ್ ಊರಿನ ಜೋರ್ಯಾ ಕಂಪನಿಯದ್ದು. 2014ರಲ್ಲಿ ಕ್ರಿಮಿಯಾವನ್ನು ರಷ್ಯಾ ಕಿತ್ತುಕೊಂಡ ಗಲಾಟೆ ಆದ ಮೇಲೆ ಉಕ್ರೇನ್ ರಷ್ಯಾಕ್ಕೆ ಎಂಜಿನ್ ಕೊಡುವುದನ್ನು ನಿಲ್ಲಿಸಿತು. ಆಗ ಭಾರತವೇ ಉಕ್ರೇನಿನಿಂದ ಎಂಜಿನ್ ಕೊಂಡು, ಅದನ್ನು ರಷ್ಯಾಕ್ಕೆ ಕಳಿಸಿ, ಹಡಗಿಗೆ ಕೂರಿಸಿಕೊಂಡಿತು. 2022ರಲ್ಲಿ ಅದೇ ಮಿಕೊಲಾಯಿವ್ ಮೇಲೆ ರಷ್ಯಾದ ಕ್ಷಿಪಣಿಗಳು ಬಿದ್ದವು. ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಎರಡು ದೇಶಗಳ ಕೆಲಸ ಒಂದೇ ಹಡಗಿನಲ್ಲಿ ಸೇರಿ ನಮ್ಮ ಬಂದರಿಗೆ ಬಂತು. ನಿಮ್ಮ ಅಧಿಕಾರಿಗಳ ಜಾಣತನಕ್ಕೆ ಶಭಾಷ್ ಅನ್ನಲೇಬೇಕು. ಸುಳ್ಳಲ್ಲ, ಅಂಥ ಜಗಳದ ನಡುವೆ ಸಾಮಾನು ಸಾಗಿಸುವುದು ಸುಲಭದ ಕೆಲಸವಲ್ಲ. ಆದರೆ ಇನ್ನು ಇಪ್ಪತ್ತು ವರ್ಷ ಆ ಟರ್ಬೈನಿನ ಬ್ಲೇಡು ಯಾರು ಕೊಡುತ್ತಾರೆ? ಈ ಕಂಪನಿಯ ಟರ್ಬೈನು ತುಶಿಲ್‌ಗೆ ಮಾತ್ರ ಇರುವುದಲ್ಲ. ಕೋಲ್ಕತ್ತಾ, ವಿಶಾಖಪಟ್ಟಣಂ ಹೆಸರಿನ ನಮ್ಮ ದೊಡ್ಡ ಡೆಸ್ಟ್ರಾಯರುಗಳಿಗೂ ಅದೇ. ಅವನ್ನು ನಾವೇ ಮುಂಬೈಯಲ್ಲಿ ಕಟ್ಟಿದ್ದು. ಇಲ್ಲಿಂದ ಎರಡು ತಾಸಿನ ದಾರಿ, ಗೋವಾದ ವಾಸ್ಕೊದಲ್ಲಿ 2024ರಲ್ಲಿ ನೀರಿಗಿಳಿಸಿದ ತ್ರಿಪುಟ್ ಕೂಡ ತುಶಿಲ್ ಜಾತಿಯದ್ದೇ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಶೇಕಡಾ ಲೆಕ್ಕದ ಬಗ್ಗೆ ಒಂದು ಮಾತು. ನಾವೇ ಕಟ್ಟಿದ ವಿಮಾನವಾಹಕ ವಿಕ್ರಾಂತ್ ಶೇ 76 ಸ್ವದೇಶಿ ಅಂತ ಹೇಳಿದಿರಿ. ಒಪ್ಪುತ್ತೇನೆ, ಹೆಮ್ಮೆಯೂ ಇದೆ. ರಷ್ಯಾದಿಂದ ಬರಬೇಕಿದ್ದ ಉಕ್ಕು ಸರಿಯಾಗಿ ಸಿಗದಿದ್ದಾಗ ನಮ್ಮ ನೌಕಾಪಡೆ, ಹೈದರಾಬಾದಿನ ಲೋಹ ಪ್ರಯೋಗಾಲಯ, ಸರ್ಕಾರಿ ಉಕ್ಕು ಕಂಪನಿ ಸೇಲ್ ಸೇರಿ ಹಡಗಿನ ಉಕ್ಕನ್ನೇ ಮಾಡಿದರು. ಆ ಉಕ್ಕು ಈಗ ನಮ್ಮ ಬೇರೆ ಯುದ್ಧನೌಕೆಗಳಿಗೂ ಹೋಗುತ್ತಿದೆ. ಇಂಥದ್ದನ್ನು ನೀವು ಇನ್ನೂ ಜೋರಾಗಿ ಹೇಳಬೇಕಿತ್ತು. ಆದರೆ ಆ ಹಡಗನ್ನು ಓಡಿಸುವ ನಾಲ್ಕು ಗ್ಯಾಸ್ ಟರ್ಬೈನ್‌ಗಳ ವಿನ್ಯಾಸ ಅಮೆರಿಕದ ಜಿಇ ಕಂಪನಿಯದ್ದು. ಮೇಲೆ ಹಾರುವ ವಿಮಾನ ರಷ್ಯಾದ್ದು, ಮುಂದೆ ಬರುವುದು ಫ್ರಾನ್ಸಿನದ್ದು. ನಮ್ಮ ಬಂದರಿನ ಒಂದು ಬೋಟು ತಗೊಳ್ಳಿ. ಒಡಲು ಇಲ್ಲಿಯದ್ದು, ಬಲೆ ಇಲ್ಲಿಯದ್ದು, ವಿಂಚು, ಐಸ್ ಪೆಟ್ಟಿಗೆ, ಬಣ್ಣ ಎಲ್ಲ ಇಲ್ಲಿಯದ್ದೇ. ಡೀಸೆಲ್ ಪಂಪು ಮಾತ್ರ ಹೊರಗಿನದ್ದು. ಹಣದ ಲೆಕ್ಕದಲ್ಲಿ ಆ ಪಂಪು ಏನೂ ಅಲ್ಲ. ಅದು ಕೆಟ್ಟ ದಿನ ಬೋಟು ಧಕ್ಕೆ ಬಿಟ್ಟು ಹೋಗುವುದಿಲ್ಲ. ಹಾಗಾಗಿ ಎಷ್ಟು ಶೇಕಡಾ ಎಂದು ಹೇಳಿದರೆ ಸಾಲದು. ಉಳಿದ ಶೇಕಡಾದಲ್ಲಿ ಏನೇನಿದೆ ಅಂತ ಹೇಳಿ.

ತೇಜಸ್ ಯುದ್ಧವಿಮಾನ ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ. ಬೆಂಗಳೂರಿನ ಎಚ್‌ಎಎಲ್ 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳ ಆರ್ಡರ್ ಪಡೆಯಿತು. ಅದೇ ವರ್ಷ ಜಿಇ ಕಂಪನಿಗೆ 99 ಎಂಜಿನ್ ಆರ್ಡರ್ ಹೋಯಿತು. ಮೊದಲ ಎಂಜಿನ್ ಬಂದದ್ದು 2025ರ ಮಾರ್ಚಿನಲ್ಲಿ. ಅಮೆರಿಕ ಸಿಟ್ಟಿನಿಂದ ತಡ ಮಾಡಿದ್ದಲ್ಲ. ನಿಂತುಹೋಗಿದ್ದ ತಯಾರಿಕೆಯನ್ನು ಮತ್ತೆ ಶುರು ಮಾಡಬೇಕಿತ್ತು, ಕೋವಿಡ್ ನಂತರ ಬಿಡಿಭಾಗ ಸಿಗುತ್ತಿರಲಿಲ್ಲ. ದ್ವೇಷ ಇಲ್ಲದೆಯೂ ನಮ್ಮ ವಿಮಾನ ಎಂಜಿನ್ ಇಲ್ಲದೆ ಕಾಯಬೇಕಾಯಿತು. ಇನ್ನು ದ್ವೇಷ ಬಂದರೆ?

ಬರುವುದಿಲ್ಲ ಎನ್ನಲು ಇತಿಹಾಸ ಬಿಡುವುದಿಲ್ಲ. 1962ರಲ್ಲಿ ಚೀನಾ ಬಂದಾಗ ಅಮೆರಿಕ ಶಸ್ತ್ರ ಕಳಿಸಿತು. ಮೂರೇ ವರ್ಷದಲ್ಲಿ, 1965ರ ಯುದ್ಧದ ಹೊತ್ತಿಗೆ, ನಮಗೂ ಪಾಕಿಸ್ತಾನಕ್ಕೂ ಒಟ್ಟಿಗೆ ನಿಲ್ಲಿಸಿತು. 1998ರ ಪೋಖ್ರಾನ್ ಪರೀಕ್ಷೆ ಆದ ಮೇಲೆ ನಿರ್ಬಂಧ ಹಾಕಿತು. ನಮ್ಮ ನೌಕಾಪಡೆಯ ಸೀಕಿಂಗ್ ಹೆಲಿಕಾಪ್ಟರುಗಳು ಬ್ರಿಟನ್ನಿನವು, ಆದರೆ ಒಳಗೆ ಅಮೆರಿಕದ ಭಾಗಗಳಿದ್ದವು. ಅವುಗಳಿಗೂ ಸ್ಪೇರ್ ಸಿಗಲಿಲ್ಲ. ತೇಜಸ್ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ನಮ್ಮ ಎಂಜಿನಿಯರುಗಳನ್ನು ವಾಪಸ್ ಕಳಿಸಿದರು. ಆಮೇಲೆ ಗಾಳಿ ತಿರುಗಿತು. 2009ರಲ್ಲಿ ಅವರದೇ ಪಿ-8ಐ ಕಡಲ ಕಾವಲು ವಿಮಾನಕ್ಕೆ ಒಪ್ಪಂದ ಮಾಡಿಕೊಂಡೆವು. ನಮ್ಮ ಬೀಚಿನಲ್ಲಿ ನಿಂತಿರುವ ಟಿಯು-142ರ ಕೆಲಸವನ್ನು ಈಗ ಮಾಡುವುದು ಅದೇ. ಒಳ್ಳೆಯ ವಿಮಾನ ಅಂತ ಎಲ್ಲರೂ ಹೇಳುತ್ತಾರೆ. 2024ರ ಅಕ್ಟೋಬರಿನಲ್ಲಿ 31 ದೊಡ್ಡ ಡ್ರೋನುಗಳಿಗೂ ಸಹಿ ಬಿತ್ತು.

ಅದಾಗಿ ಒಂದು ವರ್ಷ ತುಂಬುವ ಮೊದಲೇ, 2025ರ ಆಗಸ್ಟಿನಲ್ಲಿ, ಅದೇ ಅಮೆರಿಕ ನಮ್ಮ ಸರಕಿನ ಮೇಲೆ ಒಟ್ಟು ಶೇ 50 ಸುಂಕ ಹಾಕಿತು. ಅದರಲ್ಲಿ ಅರ್ಧ ರಷ್ಯಾದ ಎಣ್ಣೆ ಕೊಂಡದ್ದಕ್ಕೆ ದಂಡ. ಸಿಗಡಿ ವ್ಯಾಪಾರದವರ ಮುಖ ಆ ವಾರ ನೋಡಬೇಕಿತ್ತು. ಎರಡು ತಿಂಗಳಲ್ಲಿ, ಅಕ್ಟೋಬರ್ 31ರಂದು, ಅವರ ಜೊತೆಯೇ ಹತ್ತು ವರ್ಷದ ರಕ್ಷಣಾ ಸಹಕಾರದ ಒಪ್ಪಂದಕ್ಕೆ ನೀವು ಸಹಿ ಹಾಕಿದಿರಿ. ಸಹಿ ಹಾಕಿದ್ದು ತಪ್ಪು ಎನ್ನುತ್ತಿಲ್ಲ. ಅಲ್ಲಿ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ಆಗುತ್ತದೆ. ಒಬ್ಬರು ಬಂದು ಅಪ್ಪಿಕೊಳ್ಳುತ್ತಾರೆ, ಇನ್ನೊಬ್ಬರು ಬಂದು ಸುಂಕ ಹಾಕುತ್ತಾರೆ, ಕೆಲವು ಸಲ ಇಬ್ಬರೂ ಒಬ್ಬರೇ. ಹಡಗಿನ ಆಯಸ್ಸು ಮೂವತ್ತು ವರ್ಷ. ಅಷ್ಟರಲ್ಲಿ ಅಲ್ಲಿ ಏಳೆಂಟು ಚುನಾವಣೆ ಮುಗಿದಿರುತ್ತದೆ.

ಒಂದು ವಿಷಯದಲ್ಲಿ ನಿಮ್ಮನ್ನೂ ನಿಮ್ಮ ಹಿಂದಿನವರನ್ನೂ ಮೆಚ್ಚಲೇಬೇಕು. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಲೆಕ್ಕದ ಪ್ರಕಾರ 2010ರಿಂದ 2014ರವರೆಗೆ ನಮ್ಮ ಶಸ್ತ್ರ ಆಮದಿನಲ್ಲಿ ರಷ್ಯಾದ ಪಾಲು ಶೇ 72. 2020ರಿಂದ 2024ರ ಹೊತ್ತಿಗೆ ಅದು ಶೇ 36ಕ್ಕೆ ಇಳಿದಿದೆ. ಫ್ರಾನ್ಸ್ ಶೇ 33ಕ್ಕೆ ಬಂದಿದೆ. ಪಾಕಿಸ್ತಾನ ಅದೇ ಅವಧಿಯಲ್ಲಿ ಶೇ 81ರಷ್ಟನ್ನು ಚೀನಾ ಒಂದರಿಂದಲೇ ತಂದಿದೆ. ಅವರಿಗಿಂತ ನಾವು ವಾಸಿ. ಆದರೆ ನಾಲ್ಕು ದೇಶದಿಂದ ಕೊಂಡರೆ ನಾಲ್ಕು ದೇಶದ ಸಿಟ್ಟಿಗೂ ಕಾಯಬೇಕು. ಸ್ಟೋರಿನಲ್ಲಿ ನಾಲ್ಕು ಅಳತೆಯ ಬೋಲ್ಟು, ನಾಲ್ಕು ಭಾಷೆಯ ಕೈಪಿಡಿ. ನಾಲ್ವರೂ ಒಂದೇ ದಿನ ಮುನಿಸಿಕೊಳ್ಳುವುದಿಲ್ಲ ಎನ್ನುವುದು ಸಣ್ಣ ಧೈರ್ಯ, ಅಷ್ಟೇ.

ಹಾಗಾದರೆ ಎಲ್ಲ ನಾವೇ ಮಾಡಬೇಕಾ, ಆಗುವ ಮಾತಾ ಎಂದು ಕೇಳಬಹುದು. ಎಲ್ಲ ಆಗುವುದಿಲ್ಲ. ಆದರೆ ಆದದ್ದಕ್ಕೂ ಒಂದು ಸಾಕ್ಷಿ ನಮ್ಮ ತಾಲೂಕಿನಲ್ಲೇ ಇದೆ. ಕೈಗಾ ಅಣು ವಿದ್ಯುತ್ ಸ್ಥಾವರ.

ತಾರಾಪುರದ ಅಣುಸ್ಥಾವರಕ್ಕೆ ಮೂವತ್ತು ವರ್ಷ ಇಂಧನ ಕೊಡುತ್ತೇವೆ ಅಂತ ಅಮೆರಿಕ 1963ರಲ್ಲಿ ಒಪ್ಪಂದ ಮಾಡಿಕೊಂಡಿತ್ತು. 1974ರಲ್ಲಿ ನಾವು ಪೋಖ್ರಾನ್ ಮಾಡಿದೆವು. 1978ರಲ್ಲಿ ಅವರು ತಮ್ಮ ದೇಶದ ಕಾನೂನನ್ನೇ ಬದಲಿಸಿದರು, ಇಂಧನ ನಿಂತಿತು. ರಾಜಸ್ಥಾನದ ಸ್ಥಾವರಕ್ಕೆ ಕೈಜೋಡಿಸಿದ್ದ ಕೆನಡಾ ಅರ್ಧದಲ್ಲೇ ಎದ್ದು ಹೋಯಿತು. ಉಳಿದದ್ದನ್ನು ನಮ್ಮವರೇ ಕೂತು ಮಾಡಿದರು. ಕಲ್ಪಾಕ್ಕಂ, ನರೋರಾ, ಕಾಕ್ರಪಾರ್, ಆಮೇಲೆ ಕೈಗಾ. ಸಲೀಸಾಗಿ ಆಗಲಿಲ್ಲ. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಒಂದನೇ ಘಟಕದ ಗುಮ್ಮಟದ ಕಾಂಕ್ರೀಟು ಒಳಗಿನಿಂದ ಕಳಚಿ ಬಿತ್ತು. ಮತ್ತೆ ವಿನ್ಯಾಸ ಮಾಡಿ ಕಟ್ಟಿದರು. 2000ದಲ್ಲಿ ವಿದ್ಯುತ್ ಶುರುವಾಯಿತು. ಅದೇ ಒಂದನೇ ಘಟಕ, ನಮ್ಮ ದೇಶದ್ದೇ ಯುರೇನಿಯಂ ಉರಿಸಿಕೊಂಡು, 2018ರ ಕೊನೆಗೆ 962 ದಿನ ನಿಲ್ಲದೆ ಓಡಿತು. ಆಗ ಅದು ವಿಶ್ವದಾಖಲೆ. ಕೈಗಾ ಬೇಡ ಅಂತ ಹೋರಾಡಿದವರೂ ನಮ್ಮ ಜಿಲ್ಲೆಯವರೇ. ಕಾಡು, ನದಿ, ಆರೋಗ್ಯದ ಬಗ್ಗೆ ಅವರು ಕೇಳಿದ ಪ್ರಶ್ನೆಗಳು ಬೇರೆ. ಅವು ಮುಗಿದಿಲ್ಲ, ನಾನು ಅವನ್ನು ಇಲ್ಲಿ ಮುಚ್ಚಿಹಾಕುತ್ತಲೂ ಇಲ್ಲ. ನಾನು ಹೇಳುತ್ತಿರುವುದು ಇಷ್ಟು. ಇಪ್ಪತ್ತೈದು ವರ್ಷ ಹಿಡಿಯಿತು, ಗುಮ್ಮಟ ಬಿತ್ತು, ಆದರೂ ಈಗ ಯಾವ ದೇಶ ಮುನಿಸಿಕೊಂಡರೂ ಆ ಸ್ಥಾವರದ ಸ್ವಿಚ್ಚು ನಮ್ಮ ಕೈಯಲ್ಲಿದೆ.

ಎಂಜಿನ್ನಿಗೆ ಆ ಹಟ ಬರಲಿಲ್ಲ. ಬೆಂಗಳೂರಿನ ಜಿಟಿಆರ್‌ಇ ಎಂಬ ಸರ್ಕಾರಿ ಎಂಜಿನ್ ಪ್ರಯೋಗಾಲಯ 1989ರಿಂದ ಕಾವೇರಿ ಎಂಬ ವಿಮಾನದ ಎಂಜಿನ್ ಮಾಡುತ್ತಿದೆ. ತೇಜಸ್‌ಗೆ ಬೇಕಾದಷ್ಟು ಶಕ್ತಿ ಅದಕ್ಕೆ ಬರಲಿಲ್ಲ, 2008ರಲ್ಲಿ ಅದನ್ನು ತೇಜಸ್‌ನಿಂದ ಬೇರೆ ಮಾಡಿದರು. ಅಣುಸ್ಥಾವರದಲ್ಲಿ ಗುಮ್ಮಟ ಬಿದ್ದಾಗ ಮತ್ತೆ ಕಟ್ಟಲೇಬೇಕಿತ್ತು, ಬೇರೆ ಅಂಗಡಿ ಇರಲಿಲ್ಲ. ಎಂಜಿನ್ ವಿಷಯದಲ್ಲಿ ಅಂಗಡಿ ತೆರೆದೇ ಇತ್ತು. ಅಂಗಡಿ ತೆರೆದಿರುವಾಗ ಮನೆಯಲ್ಲಿ ಮಾಡುವ ಕಷ್ಟ ಯಾರು ಪಡುತ್ತಾರೆ? ನನಗೆ ಅನ್ನಿಸುವುದು ಇದೇ ನಿಜವಾದ ಕಾರಣ. ತಜ್ಞರು ಒಪ್ಪದಿರಬಹುದು.

2022ರ ಮೇ ತಿಂಗಳಲ್ಲಿ ನೀವು ಕಾರವಾರಕ್ಕೆ ಬಂದು ಖಂಡೇರಿ ಸಬ್‌ಮರೀನಿನಲ್ಲಿ ಸಮುದ್ರಕ್ಕೆ ಇಳಿದಿರಿ. ಫೋಟೊ ನೋಡಿ ನಮಗೂ ಖುಷಿಯಾಯಿತು. ಆ ಜಾತಿಯ ಆರು ಸಬ್‌ಮರೀನುಗಳಿಗೆ 2005ರಲ್ಲಿ ಫ್ರಾನ್ಸಿನ ಜೊತೆ ಒಪ್ಪಂದವಾಯಿತು, ಮುಂಬೈಯಲ್ಲಿ ಕಟ್ಟಿದೆವು. ಅದಕ್ಕೆಂದು ಆರಿಸಿದ್ದ ಟಾರ್ಪೆಡೊ ಇಟಲಿಯ ಕಂಪನಿಯದ್ದು. ಹೆಲಿಕಾಪ್ಟರ್ ಹಗರಣದಲ್ಲಿ ಆ ಕಂಪನಿಯ ಮೂಲ ಸಂಸ್ಥೆ ಸಿಕ್ಕಿಬಿದ್ದ ಮೇಲೆ ಖರೀದಿ ರದ್ದಾಯಿತು. ಹೊಸ ಸಬ್‌ಮರೀನು ಹಳೆಯ ಟಾರ್ಪೆಡೊ ಇಟ್ಟುಕೊಂಡು ಓಡಾಡಿತು. ಇಲ್ಲಿ ಯಾವ ದೇಶವೂ ಬದಲಾಗಲಿಲ್ಲ. ಒಂದು ಕಂಪನಿಯ ಹೆಸರು ಕೆಟ್ಟಿತು, ಅಷ್ಟಕ್ಕೇ ಹೀಗಾಯಿತು.

ಈಗ ರಫೇಲ್-ಎಂ, ಫ್ರಾನ್ಸಿನ ಯುದ್ಧವಿಮಾನ. 2025ರ ಏಪ್ರಿಲ್ 28ರಂದು 26 ವಿಮಾನಕ್ಕೆ ಸುಮಾರು 63,000 ಕೋಟಿ ರೂಪಾಯಿಯ ಒಪ್ಪಂದವಾಯಿತು. ನಮ್ಮ ದೇಶದ ಆಯುಧಗಳನ್ನು ಅದಕ್ಕೆ ಜೋಡಿಸುವ ತಂತ್ರಜ್ಞಾನ, ಎಂಜಿನ್ ದುರಸ್ತಿ ಕೇಂದ್ರ ಎಲ್ಲ ಒಪ್ಪಂದದಲ್ಲಿ ಸೇರಿದೆ ಅಂತ ಸರ್ಕಾರವೇ ಹೇಳಿದೆ. ಒಳ್ಳೆಯದು. ಇದರ ಮೇಲೆಯೇ ನನ್ನ ಲೆಕ್ಕ ಶುರು ಮಾಡಬಹುದು. ನಮ್ಮ ಕ್ಷಿಪಣಿ ಅದಕ್ಕೆ ಕೂರಿಸಲು ಪ್ರತಿ ಸಲವೂ ಫ್ರಾನ್ಸಿನ ಅನುಮತಿ ಬೇಕಾ, ಒಂದು ಸಲ ಸಾಕಾ? ದುರಸ್ತಿ ಕೇಂದ್ರದಲ್ಲಿ ಎಂಜಿನ್ ಪೂರ್ತಿ ಬಿಚ್ಚಿ ಜೋಡಿಸುತ್ತೇವಾ, ಅಥವಾ ಮೇಲಿನ ಮುಚ್ಚಳ ತೆಗೆದು ನೋಡಿ ಪ್ಯಾರಿಸ್ಸಿಗೆ ಕಳಿಸುತ್ತೇವಾ? ಇವು ಯುದ್ಧದ ಗುಟ್ಟಲ್ಲ. ಶತ್ರುವಿಗೆ ಇದು ನಮಗಿಂತ ಮೊದಲೇ ಗೊತ್ತಿರುತ್ತದೆ. ಗುಟ್ಟು ಎನಿಸಿದ್ದನ್ನು ಸ್ಥಾಯಿ ಸಮಿತಿಯ ಮುಚ್ಚಿದ ಕೋಣೆಯಲ್ಲಿ ಹೇಳಿ. ಎಲ್ಲ ಪಕ್ಷದ ಸಂಸದರೂ ಅಲ್ಲಿದ್ದಾರೆ. ಉಳಿದದ್ದನ್ನು ಹೊರಗೆ ಹೇಳಿ. ಸಿಎಜಿ ವಿಮಾನದ ಶೇಕಡಾ ಲೆಕ್ಕ ಬರೆದದ್ದರಿಂದ ದೇಶ ಮುಳುಗಲಿಲ್ಲ, ಎಂಜಿನ್ ಸರಿಮಾಡಿಸುವ ಒತ್ತಡ ಬಂತು.

ನನ್ನ ಕಲ್ಪನೆಯ ಲೆಕ್ಕ ತುಂಬಾ ಸರಳ. ಹಡಗಿನ ಹೆಸರು, ವಿಮಾನದ ಹೆಸರು ಒಂದು ಕಡೆ. ಇಲ್ಲದಿದ್ದರೆ ಅದು ನಿಂತೇ ಹೋಗುವಂಥ ಭಾಗ ಯಾವುದು, ಅದನ್ನು ಮಾಡುವ ದೇಶ ಯಾವುದು, ಕೊಡದಂತೆ ತಡೆಯಬಲ್ಲ ದೇಶ ಯಾವುದು. ಈ ಎರಡು ಒಂದೇ ಆಗಿರಬೇಕಿಲ್ಲ, ಸೀಕಿಂಗ್ ನೆನಪಿಸಿಕೊಳ್ಳಿ. ನಮ್ಮ ಸ್ಟೋರಿನಲ್ಲಿ ಎಷ್ಟು ತಿಂಗಳಿಗೆ ಆಗುವಷ್ಟಿದೆ. ನಾವೇ ಮಾಡಲು ಯಾರು, ಯಾವ ವರ್ಷಕ್ಕೆ ಒಪ್ಪಿಕೊಂಡಿದ್ದಾರೆ. ಒಪ್ಪಿದ ವರ್ಷ ದಾಟಿದರೆ ಯಾಕೆ ದಾಟಿತು. ಬೈತಖೋಲದಲ್ಲಿ ಮಳೆಗಾಲದ ಬಂದ್ ಶುರುವಾಗುವ ಮೊದಲು ಪ್ರತಿ ಬೋಟಿನ ಮಾಲೀಕ ಇದನ್ನೇ ಮಾಡುತ್ತಾನೆ, ಚೀಟಿ ಬರೆದಿಡುತ್ತಾನೆ.

ಇನ್ನೊಂದು ವಿಷಯ ನಮ್ಮೂರಿನದ್ದು. ಸೀಬರ್ಡ್ ಎರಡನೇ ಹಂತದಲ್ಲಿ ಇಲ್ಲಿ ಪೂರ್ಣ ಪ್ರಮಾಣದ ನೌಕಾ ಡಾಕ್‌ಯಾರ್ಡ್ ಬರುತ್ತಿದೆ. ಹಡಗನ್ನೇ ನೀರಿನಿಂದ ಮೇಲೆತ್ತುವ ಶಿಪ್‌ಲಿಫ್ಟ್ ಮೊದಲೇ ಇದೆ. ವಿಕ್ರಮಾದಿತ್ಯದಂಥ ದೊಡ್ಡ ಹಡಗಿನ ಡ್ರೈಡಾಕ್ ಕೆಲಸ, ಅಂದರೆ ನೀರು ಬಸಿದ ಕಟ್ಟೆಯಲ್ಲಿ ನಿಲ್ಲಿಸಿ ಮಾಡುವ ರಿಪೇರಿ, ಕೊಚ್ಚಿಗೆ ಹೋಗುತ್ತದೆ. 2024ರ ನವೆಂಬರಿನಲ್ಲಿ ಅಲ್ಲಿಯ ಶಿಪ್‌ಯಾರ್ಡಿಗೆ 1,207 ಕೋಟಿ ರೂಪಾಯಿಯ ಗುತ್ತಿಗೆ ಕೊಟ್ಟಿರಿ. ರಷ್ಯಾದ ಹಡಗನ್ನು ಕೇರಳದವರು ಬಿಚ್ಚಿ ಜೋಡಿಸುತ್ತಾರೆ. ನನಗೆ ಇದಕ್ಕಿಂತ ದೊಡ್ಡ ರಕ್ಷಣಾ ಸುದ್ದಿ ಇಲ್ಲ, ಆದರೆ ಅದು ಪೇಪರಿನ ಒಳಪುಟದಲ್ಲಿ ಬಂತು. ಕಾರವಾರದ ಡಾಕ್‌ಯಾರ್ಡಿನಲ್ಲೂ ಅಂಥ ಕೆಲಸ ಆಗಲಿ. ಇಲ್ಲಿಯ ಐಟಿಐಗಳಲ್ಲಿ ಗ್ಯಾಸ್ ಟರ್ಬೈನ್, ಹೈಡ್ರಾಲಿಕ್ಸ್, ಹಡಗಿನ ವೆಲ್ಡಿಂಗ್ ಕಲಿಸಿ. ಜಾಗ ಕೊಟ್ಟವರ ಮೊಮ್ಮಕ್ಕಳು ಕಂಪೌಂಡ್ ಕಟ್ಟುವ, ಹುಲ್ಲು ಕತ್ತರಿಸುವ ಗುತ್ತಿಗೆಗೆ ಮಾತ್ರ ಒಳಗೆ ಹೋಗುವಂತಾಗಬಾರದು. ತುಶಿಲ್‌ನ ಟರ್ಬೈನನ್ನು ನಾಳೆ ಉಕ್ರೇನಿನವರೂ ಬರಲಾಗದ, ರಷ್ಯಾದವರೂ ಬರಲಾಗದ ದಿನ ಬಿಚ್ಚಬೇಕಾದವರು ಅವರೇ.

ಉತ್ತರ ಹಿಂದಿಯಲ್ಲಿ ಬಂದರೂ ಇಂಗ್ಲಿಷಿನಲ್ಲಿ ಬಂದರೂ ಅಡ್ಡಿಯಿಲ್ಲ, ಯಾರ ಹತ್ತಿರವಾದರೂ ಓದಿಸಿಕೊಳ್ಳುತ್ತೇನೆ. ಕನ್ನಡದಲ್ಲಿ ಬಂದರೆ ಬಂದರಿನ ನೋಟಿಸ್ ಬೋರ್ಡಿಗೆ ಅಂಟಿಸುತ್ತೇನೆ, ಡೀಸೆಲ್ ರೇಟಿನ ಪಕ್ಕದಲ್ಲಿ. ಅಲ್ಲಿ ಎಲ್ಲರೂ ಓದುತ್ತಾರೆ.

ಇಂತಿ,
ಬೈತಖೋಲ ಬಂದರಿನ ಒಬ್ಬ ಬೋಟ್ ಮೆಕ್ಯಾನಿಕ್
ಕಾರವಾರ, ಉತ್ತರ ಕನ್ನಡ